ಹಾಲು ಬಿಡದ ದೊರೆ

ನಮ್ಮ ಭಾವ ಗುರುಪಾದಸ್ವಾಮಿಯವರು ಸುಳ್ಳು ಹೇಳುವವರಲ್ಲ. ಸುಳ್ಳೇ ಅವರ ಬಾಯಿಯ ತನಕ ಬಂದು "ಸ್ವಲ್ಪ ದಾರಿ ಬಿಡಿ" ಎಂದು ಕೇಳಿಕೊಳ್ಳುತ್ತದೆ. ಅವರು ಮರ್ಯಾದಸ್ಥರು, ಬಿಡುತ್ತಾರೆ. ಅಕ್ಕನನ್ನು ಕೊಟ್ಟ ದಿನದಿಂದ ನಾನು ನೋಡುತ್ತಲೇ ಇದ್ದೇನೆ. ಮಧುವನಹಳ್ಳಿಯಲ್ಲಿ ಅವರ ಹಿತ್ತಿಲಿಗೂ ನನ್ನ ಹಿಟ್ಟಿನ ಮಿಲ್ಲಿಗೂ ನಡುವೆ ಇರುವುದು ಒಂದೇ ಒಂದು ಮೋಟುಗೋಡೆ. ಮಿಲ್ಲು ಓಡುವಾಗ ನನಗೆ ಏನೂ ಕೇಳಿಸುವುದಿಲ್ಲ, ಕರೆಂಟು ಹೋದರೆ ಎಲ್ಲವೂ ಕೇಳಿಸುತ್ತದೆ. ನಮ್ಮೂರ ಕರೆಂಟಿನ ಸಂಗತಿ ನಿಮಗೆ ಗೊತ್ತೇ ಇದೆ. ಹಾಗಾಗಿ ಈ ಕಥೆಯ ಒಂದು ಮಾತೂ ನನ್ನ ಕಿವಿ ತಪ್ಪಿಸಿಕೊಂಡು ಹೋಗಿಲ್ಲ.

ಭಾವನಿಗೆ ಕೆಂದಿ ಎಂಬ ಸೀಮೆಹಸು. ಅದರ ಗಂಡುಕರು ದೊರೆ. ವರ್ಷ ದಾಟಿ, ಕೊಂಬು ಮೂಡಿ, ತಾಯಿಯ ಎತ್ತರಕ್ಕೆ ಬೆಳೆದು ನಿಂತಿದ್ದರೂ ದೊರೆ ಹಾಲು ಬಿಟ್ಟಿರಲಿಲ್ಲ. ಹಸಿಹುಲ್ಲು ತಂದು ಹಾಕಿದರೆ, ಹೋಟೆಲಿನಲ್ಲಿ ತಂಗಳು ಇಡ್ಲಿ ಕಂಡ ಸಾಹೇಬರ ಹಾಗೆ ಮೂಸಿ ನೋಡಿ ಮುಖ ತಿರುಗಿಸುತ್ತಿದ್ದ. ನಿಂತು ಕುಡಿಯುವುದಕ್ಕೆ ಕೆಚ್ಚಲು ಎಟುಕದಷ್ಟು ಬೆಳೆದುಬಿಟ್ಟಿದ್ದರಿಂದ, ಮುಂಗಾಲು ಎರಡನ್ನೂ ಮಡಿಸಿ ಮಂಡಿ ಊರಿ, ತಲೆ ತಗ್ಗಿಸಿ, ತಾಯಿಯ ಹೊಟ್ಟೆಯ ಕೆಳಗೆ ತೂರಿಸಿ ಕುಡಿಯುತ್ತಿದ್ದ. ಅವನು ಎದ್ದ ಮೇಲೆ ಮನೆಯವರ ಕಾಫಿಗೆ ಒಂದು ತೊಟ್ಟು ಉಳಿದರೆ ಅದು ಪುಣ್ಯ.

ನನ್ನ ಅಕ್ಕ ರತ್ನ ಸುಮ್ಮನೆ ಕೂರುವವಳಲ್ಲ. ಬೇವಿನ ಸೊಪ್ಪು ಅರೆದು ಕೆಚ್ಚಲಿಗೆ ಬಳಿದಳು. ದೊರೆ ಮೊದಲ ದಿನ ಮೂತಿ ಸೊಟ್ಟ ಮಾಡಿದ, ಆಮೇಲೆ ಬೇವು ಹಚ್ಚದಿದ್ದರೆ ತಾಯಿಯನ್ನು ಗುಮ್ಮುವುದಕ್ಕೆ ಶುರುಮಾಡಿದ. ಕೊನೆಗೆ ನಾನೇ ಒಂದು ಮುಳ್ಳಿನ ಕುಕ್ಕೆ ಹೆಣೆದು ಕೊಟ್ಟೆ. ಅದನ್ನು ಕರುವಿನ ಮೂತಿಗೆ ಕಟ್ಟಿದರೆ, ಬಾಯಿ ಹಾಕಿದಾಗಲೆಲ್ಲ ತಾಯಿಗೆ ಮುಳ್ಳು ಚುಚ್ಚುತ್ತದೆ, ತಾಯಿ ಝಾಡಿಸಿ ಒದೆಯುತ್ತದೆ, ಕರು ತೆಪ್ಪಗೆ ಹುಲ್ಲಿಗೆ ಬರುತ್ತದೆ. ತಾತಮುತ್ತಾತಂದಿರ ಕಾಲದ ವಿದ್ಯೆ. ಭಾವ ಕಟ್ಟಿದರು. ದೊರೆ ಅವರ ಮುಖ ನೋಡಿ "ಅಂಬಾ" ಅಂದ. ಭಾವ ಕುಕ್ಕೆ ಬಿಚ್ಚಿ ಅಟ್ಟಕ್ಕೆ ಎಸೆದು, "ಪಾಪ ಕಣೇ, ನನ್ನನ್ನೇ ಕರೀತದೆ" ಎಂದು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

ಇದೇ ಭಾವ, ಅದೇ ವಾರ, ಊರ ಹಾಲಿನ ಡೈರಿಯ ಸಭೆಯಲ್ಲಿ ಎದ್ದು ನಿಂತು ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ಭಾಷಣ ಬಿಗಿದಿದ್ದರು. "ಮೂರು ತಿಂಗಳಿಗೆ ಕರೂಗೆ ಆಲು ಬುಡ್ಸದೇ ಇರೋನು ರೈತನೇ ಅಲ್ಲ ಕಣ್ರಪ್ಪಾ! ನಮ್ಮನೇಲಿ ಬಂದು ನೋಡಿ ಕಲೀರಿ!" ಜನ ಚಪ್ಪಾಳೆ ತಟ್ಟಿದರು. ಯಾರೂ ಬಂದು ನೋಡಲಿಲ್ಲ, ಸದ್ಯ.

ಆ ಮನೆಯಲ್ಲಿ ಹಾಲು ಬಿಡದ ಪ್ರಾಣಿ ಅದೊಂದೇ ಆಗಿರಲಿಲ್ಲ. ಭಾವನ ಮಗಳು ಕುಸುಮ ಬಾಣಂತನಕ್ಕೆ ಬಂದವಳು ಇನ್ನೂ ತವರಲ್ಲೇ ಇದ್ದಳು. ಅವಳ ಮಗ ಗುಂಡ, ಹಲ್ಲು ಮೂಡಿ ಮನೆ ತುಂಬ ಅಂಬೆಗಾಲಿಡುತ್ತಿದ್ದರೂ, ತಾಯಿ ಹಾಲು ಬಿಟ್ಟು ಬೇರೆ ಏನು ಬಾಯಿಗಿಟ್ಟರೂ ಫುರ್ ಅಂತ ಉಗಿಯುತ್ತಿದ್ದ. ಮೊಳಕೆ ಕಟ್ಟಿ ಒಣಗಿಸಿದ ರಾಗಿಯನ್ನು ನಾನೇ ನನ್ನ ಮಿಲ್ಲಿನಲ್ಲಿ ನುಣ್ಣಗೆ ಬೀಸಿ ಕೊಟ್ಟಿದ್ದೆ. ಆ ರಾಗಿ ಸರಿಯೆಲ್ಲ ಅವನ ಹೊಟ್ಟೆಗಿಂತ ನನ್ನ ಅಂಗಿಗೇ ಹೆಚ್ಚು ಸೇರಿತು.

ಕುಸುಮ ಹನೂರಿನ ಒಂದು ಶಾಲೆಯಲ್ಲಿ ಟೀಚರು. ರಜೆ ಮುಗಿಯುತ್ತಾ ಬಂದಿತ್ತು. ಅವಳ ಅತ್ತೆ ದೊಡ್ಡಬಸಮ್ಮ ಹನೂರಿನಿಂದ ಫೋನು ಮಾಡಿದರೆ ಫೋನು ಹಿಡಿದವರಿಗಿಂತ ಪಕ್ಕದಲ್ಲಿ ಕೂತವರಿಗೆ ಚೆನ್ನಾಗಿ ಕೇಳಿಸುತ್ತದೆ. "ಕೂಸು ಅನ್ನ ಮುಟ್ಟದೆ ನೀನು ಇಸ್ಕೂಲ್ಗೆ ಒಂಟೋದ್ರೆ ಅದರ ಒಟ್ಟೆಗೆ ಯಾರವ್ವ ಗತಿ? ಬರೋ ಸ್ವಾಮಾರ ನಾವೇ ಬತ್ತೀವಿ. ಮನೆ ಅಸೀನ ಆಲಲ್ಲಿ ಪಾಯಸ ಮಾಡಿ ಶಾಸ್ತ್ರ ಮಾಡನ. ತಿಂದ್ರೆ ಕೆಲ್ಸಕ್ಕೋಗು. ಉಗುದ್ರೆ ಕೆಲ್ಸ ಬುಟ್ಬುಡು."

ಸೋಮವಾರಕ್ಕೆ ಪೂರ್ತಿ ಒಂದು ವಾರವೂ ಇರಲಿಲ್ಲ. ಕುಸುಮ ಫೋನಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತಳು. ಆ ಕೆಲಸ ಸಿಗುವುದಕ್ಕೆ ಅವಳು ಪಟ್ಟ ಪಾಡು ನಾವೆಲ್ಲ ಕಂಡದ್ದು. ಅಕ್ಕ ಭಾವನ ಎದುರಿಗೆ ಖಾಲಿ ಚೊಂಬು ಕುಕ್ಕಿದಳು. "ಮನೆ ಅಸೀನ ಆಲಂತೆ! ಎಲ್ಲದೆ ಆಲು? ಆ ನಿಮ್ಮ ದೊರೆಗೆ ಸ್ವಾಮಾರದೊಳಗೆ ಆಲು ಬುಡ್ಸಿ. ಇಲ್ದಿದ್ರೆ ಬೀಗ್ರ ಮುಂದೆ ನಾನೇ ಎಲ್ಲಾ ಯೋಳ್ಬುಡ್ತೀನಿ."

ಭಾವ ಆ ರಾತ್ರಿ ಧೈರ್ಯ ಮಾಡಿ ದೊರೆಯನ್ನು ದೂರದ ಗೂಟಕ್ಕೆ ಕಟ್ಟಿದರು. ದೊರೆ ಅರಚಿದ. ಕೋಳಿ ಕೂಗುವ ಹೊತ್ತಿಗೆ ಭಾವನೇ ಎದ್ದುಹೋಗಿ ಹಗ್ಗ ಬಿಚ್ಚಿದರು. ಅವನು ಓಡಿಹೋಗಿ ಮಂಡಿ ಊರಿದ.

ಸರಿಯಾಗಿ ಆಗಲೇ ಪಕ್ಕದ ಮನೆಯ ಚಿಕ್ಕನಿಂಗಮ್ಮ ಬೇಲಿಯ ಮೇಲಿಂದ ಇಣುಕಿದಳು. ನಮ್ಮೂರಿಗೆ ಪೇಪರು ಬೆಳಿಗ್ಗೆ ತಡವಾಗಿ ಬರುತ್ತದೆ, ಆದರೆ ಅದರಿಂದ ಯಾರಿಗೂ ತೊಂದರೆಯಾಗಿಲ್ಲ, ಚಿಕ್ಕನಿಂಗಮ್ಮ ಇದ್ದಾಳೆ. ಅವಳಿಗೆ ಕಂಡದ್ದು ಅರ್ಧ: ಮಡಿಸಿದ ಮುಂಗಾಲು, ಬಾಗಿದ ಬೆನ್ನು. ದೊರೆಯ ತಲೆ ಮತ್ತು ಇಡೀ ಕೆಂದಿ ಹುಲ್ಲಿನ ಮೆದೆಯ ಮರೆಯಲ್ಲಿದ್ದವು.

"ಅದೇನ್ ಗುರುಪಾದಪ್ಪ, ಕರ ಇಂಗೆ ಮಂಡಿ ಊರ್ಕಂಡದೆ? ಕಾಲು ಮುರ್ಕತಾ?"

ಭಾವನಿಗೆ ಡೈರಿಯ ಚಪ್ಪಾಳೆ ನೆನಪಾಯಿತು. ಸುಳ್ಳು ಬಾಯಿಯ ತನಕ ಬಂದು ದಾರಿ ಕೇಳಿತು.

"ಶ್! ಮೆಲ್ಲಗೆ ಮಾತಾಡವ್ವ. ಅದು ಮಾದಪ್ಪನ ಬೆಟ್ಟದ ಕಡೆ ತಿರಿಕ್ಕಂಡು ನಮಸ್ಕಾರ ಮಾಡ್ತಾ ಅದೆ."

ಆ ಹೊತ್ತಿಗೆ ದೊರೆ ಕುಡಿದು ಮುಗಿಸಿ ಮೆದೆಯ ಮರೆಯಿಂದ ಈಚೆ ಬಂದ. ಮೂತಿಯ ತುಂಬ ಬೆಳ್ಳಗೆ ಹಾಲಿನ ನೊರೆ.

"ಸಿವ ಸಿವಾ!" ಚಿಕ್ಕನಿಂಗಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ಮೂತಿಗೆ ಈಬೂತಿ ಬಂದದಲ್ಲಪ್ಪಾ! ಉಘೇ ಮಾದಪ್ಪಾ!"

ಹೊತ್ತು ಏರುವುದರೊಳಗೆ ಊರು ಹಿತ್ತಿಲಲ್ಲಿತ್ತು. ಮಾರನೆಯ ದಿನ ಕೊಳ್ಳೇಗಾಲದಿಂದ ಆಟೋ ಬಂದವು. ಭಾವ ಮೊದಲು ಹೆದರಿದರು, ಆಮೇಲೆ ಬಿಳಿ ಪಂಚೆ ಉಟ್ಟರು. ಅಕ್ಕನ ಹಳೆಯ ಸೀರೆಯೊಂದನ್ನು ಮೆದೆಯಿಂದ ಗೂಟಕ್ಕೆ ಎಳೆದು ಕಟ್ಟಿ ಪರದೆ ಮಾಡಿದರು. "ಪರದೆ ದಾಟ್ಬೇಡಿ, ಧ್ಯಾನ ಕೆಡ್ತದೆ" ಎಂದರು. ಪರದೆಯ ಆಚೆ ಕೆಂದಿ ಮತ್ತು ದೊರೆಯ ತಲೆ, ಈಚೆ ದೊರೆಯ ಭಕ್ತಿ. ಜನ ಬಾಳೆಹಣ್ಣು, ಬೆಲ್ಲ, ನೆನೆಸಿದ ಅಕ್ಕಿ, ಹುರಿಗಡಲೆ ತಂದು ಹಿತ್ತಾಳೆ ತಟ್ಟೆಗೆ ಸುರಿದರು. ಧ್ಯಾನ ಮುಗಿಸಿ ಈಚೆ ಬಂದ ದೊರೆಯ ಕಿವಿಯಲ್ಲಿ ಬಗ್ಗಿ ತಮ್ಮ ತಮ್ಮ ಕಷ್ಟ ಹೇಳಿಕೊಂಡರು. ಇಷ್ಟಾದ ಮೇಲೆ ಹಗ್ಗ ಹಾಕುವ ಮಾತೇ ಇರಲಿಲ್ಲ. ಭಾವ ಒಮ್ಮೆ ಹಗ್ಗ ಕೈಗೆತ್ತಿಕೊಂಡದ್ದಕ್ಕೆ ಚಿಕ್ಕನಿಂಗಮ್ಮ ಹುಯ್ಯಲಿಟ್ಟಳು. "ಮಾದಪ್ಪನ ಬಸವನ್ಗೆ ಅಗ್ಗ ಆಕೀಯಾ? ಕೈ ಬಿದ್ದೋಯ್ತದೆ!"

ಅಕ್ಕ ನನ್ನ ಮಿಲ್ಲಿಗೆ ಬಂದು ಕೂತಳು. "ರಾಜ, ನಿಮ್ಮ ಭಾವನ್ಗೆ ಬುದ್ಧಿ ಯೋಳ್ಲಾ. ಸ್ವಾಮಾರ ಬಂತು."

ನಾನು ಹೋಗಿ ಹೇಳಿದೆ. ಭಾವ ವಿಭೂತಿ ಬಳಿದುಕೊಂಡ ಹಣೆ ಎತ್ತಿ ನನ್ನನ್ನು ನೋಡಿ, "ಬಾಮೈದ, ನೀನು ಇಟ್ಟು ಬೀಸೋನು. ನಿಂಗೆ ಇದೆಲ್ಲ ಗೊತ್ತಾಗಕಿಲ್ಲ" ಎಂದರು. ಅವರ ಸುಳ್ಳನ್ನು ಮೊದಲು ನಂಬಿದವರು ಯಾರು ಎಂದು ನನಗೆ ಆಗ ತಿಳಿಯಿತು.

ಶುಕ್ರವಾರ ಪಶು ಆಸ್ಪತ್ರೆಯ ಶಿವಕುಮಾರಸ್ವಾಮಿ ಕಾಲುಬಾಯಿ ಜ್ವರದ ಲಸಿಕೆಗೆ ಬಂದರು. ಅವರು ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವರು. ಆದರೆ "ಡಾಕ್ಟ್ರೇ" ಎಂದು ಕರೆದರೆ ತಿದ್ದುವುದಿಲ್ಲ. ದೊರೆಯನ್ನು ಸುತ್ತು ಹಾಕಿ ನೋಡಿದರು. ಮೂತಿಯ ನೊರೆಯನ್ನು ಬೆರಳಲ್ಲಿ ತೆಗೆದು ಮೂಸಿದರು. ಪರದೆಯ ಸಂದಿಯಲ್ಲಿ ಕಣ್ಣಿಟ್ಟು ಕೆಂದಿಯ ಬತ್ತಿದ ಕೆಚ್ಚಲು ನೋಡಿದರು. ಭಾವನ ಮುಖದಲ್ಲಿ ಬೆವರು ಕಿತ್ತುಕೊಂಡಿತು.

"ಗುರುಪಾದಪ್ಪನೋರೆ, ಇದು..."

"ಸಾ," ಭಾವ ಕೈ ಮುಗಿದರು.

ಶಿವಕುಮಾರಸ್ವಾಮಿ ಆಚೆ ಈಚೆ ನೋಡಿದರು. ಜನ ಕಾಯುತ್ತಿದ್ದರು. ನಿಧಾನವಾಗಿ ಚಪ್ಪಲಿ ಬಿಟ್ಟು, ದೊರೆಯ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. ಕರೆಂಟು ಹೋಗಿತ್ತು, ನನಗೆ ಕೇಳಿಸಿತು. "ಯಳಂದೂರಿಗೆ ಒಂದು ಟ್ರಾನ್ಸ್‌ಫರ್ ಮಾಡ್ಸಪ್ಪಾ. ಹೆಂಡ್ತಿ ಮಕ್ಕಳೆಲ್ಲ ಅಲ್ಲವ್ರೆ." ಆಮೇಲೆ ಎದ್ದು ಜನರಿಗೆ ಕೇಳುವಂತೆ, "ಪ್ರಾಣಿ ಆರೋಗ್ಯವಾಗಿದೆ, ಮಿಕ್ಕಿದ್ದು ನಮ್ಮ ಇಲಾಖೆಗೆ ಬರೋದಿಲ್ಲ" ಎಂದು ಘೋಷಿಸಿದರು. ಸರ್ಕಾರವೇ ಒಪ್ಪಿತು ಎಂದು ಚಿಕ್ಕನಿಂಗಮ್ಮ ಊರಿಗೆಲ್ಲ ಸಾರಿದಳು.

ಸುದ್ದಿ ಬೆಟ್ಟದ ದಾರಿಯಲ್ಲಿರುವ ಹನೂರಿಗೂ ಮುಟ್ಟಿತು. ದೊಡ್ಡಬಸಮ್ಮ ಫೋನಿನಲ್ಲಿ ಗುಡುಗಿದರು. "ನಮ್ಮೂರ ದಿಕ್ಕಿಗೇ ಮಂಡಿ ಊರ್ತದಂತಲ್ಲ! ಸ್ವಾಮಾರ ಶಾಸ್ತ್ರ ಮುಗುಸ್ಕಂಡು ದರ್ಸನ ಮಾಡೇ ಓಯ್ತೀನಿ. ನಮ್ಮ ನೆಂಟ್ರೆಲ್ಲಾನು ಕರ್ಕಂಡ್ ಬತ್ತೀನಿ." ಭಾವ ಹಿಗ್ಗಿ ಹೀರೇಕಾಯಿಯಾದರು.

ಭಾನುವಾರ ಬೆಳಿಗ್ಗೆ ಅಕ್ಕ ಹಿತ್ತಿಲಿಂದ ಓಡಿಬಂದಳು. ಚೊಂಬಿನ ತುಂಬ ನೊರೆಹಾಲು.

"ರೀ! ಕರ ಆಲು ಬುಟ್ಬುಡ್ತು! ನೆನ್ನೆ ಸಂಜೆಯಿಂದ ತಾಯಿ ಹತ್ರಕ್ಕೇ ಓಗಿಲ್ಲ! ಜನ ತಂದಾಕಿದ ಬಾಳೆಹಣ್ಣು ಅಕ್ಕಿ ಬೆಲ್ಲ ತಿಂದೂ ತಿಂದೂ ರುಚಿ ಅತ್ಕತು ಕಣ್ರೀ! ಈಗ ಹುಲ್ಲಿಗೂ ಬಾಯಾಕ್ತಾ ಅದೆ!"

ವರ್ಷದಿಂದ ಬೇವಿಗೆ ಆಗದ್ದು, ಮುಳ್ಳಿಗೆ ಆಗದ್ದು, ಭಕ್ತರ ಹುರಿಗಡಲೆಗೆ ಆಗಿತ್ತು. ಸಂತೋಷ ಪಡಬೇಕಾದ ಮನುಷ್ಯ ಜಗಲಿಯ ಮೇಲೆ ತಲೆಗೆ ಕೈ ಹೊತ್ತು ಕೂತುಬಿಟ್ಟ.

"ಹಾಳಾಗೋಯ್ತು ಕಣೇ ರತ್ನ! ನಾಳೆ ಬೀಗ್ರ ಮುಂದೆ ಮಂಡಿ ಊರೋರು ಯಾರು?"

"ಪಾಯಸಕ್ಕೆ ಆಲು ಬಂತಲ್ರೀ!"

"ಆಲು ಕಟ್ಕಂಡು ಏನ್ಮಾಡ್ಲಿ? ಮಾನ ಓಯ್ತದಲ್ಲ!"

ಕರುವಿಗೆ ಹಾಲು ಬಿಡಿಸುವುದು ಲೋಕಕ್ಕೆಲ್ಲ ಗೊತ್ತು. ಬಿಟ್ಟ ಹಾಲನ್ನು ಮತ್ತೆ ಹಿಡಿಸಲು ಹೊರಟವರು, ನನಗೆ ತಿಳಿದಂತೆ, ನಮ್ಮ ಭಾವ ಒಬ್ಬರೇ. ಉಳಿದವರು ಕೆಚ್ಚಲಿಗೆ ಬೇವು ಹಚ್ಚಿದರೆ ಇವರು ಬೆಲ್ಲದ ಪಾಕ ಹಚ್ಚಿದರು. ದೊರೆ ಬರಲಿಲ್ಲ, ಇರುವೆಗಳು ಬಂದವು. ಕೆಂದಿ ಕುಣಿಯಿತು. ಭಾವ ಒದೆಸಿಕೊಂಡರು. ದೊರೆಯನ್ನು ಹಿಂದಿನಿಂದ ನೂಕಿದರು, ಮುಂದಿನಿಂದ ಎಳೆದರು, "ಒಂದೇ ಒಂದ್ಸಲ ಕಣೋ, ನನ್ನಪ್ಪ" ಎಂದು ಗಲ್ಲ ಹಿಡಿದರು. ದೊರೆ ಹುಲ್ಲು ಅಗಿಯುತ್ತಾ ಅವರನ್ನು ಯಾರೋ ಪರಸ್ಥಳದವರಂತೆ ನೋಡಿದ.

ಸೋಮವಾರ ಬೀಗರು ಒಂದು ಟೆಂಪೋ ತುಂಬ ಬಂದಿಳಿದರು. ಎಲ್ಲರಿಗಿಂತ ಮುಂದೆ ದೊಡ್ಡಬಸಮ್ಮ, ಹಸಿರು ರೇಷ್ಮೆ ಸೀರೆ. ನಡುಮನೆಯಲ್ಲಿ ಮಣೆ ಹಾಕಿ, ಗುಂಡನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೆಂದಿಯ ಹಾಲಿನ ಪಾಯಸವನ್ನು ಬೆಳ್ಳಿ ಚಮಚದಲ್ಲಿ ಅವನ ತುಟಿಗಿಟ್ಟರು. ಗುಂಡ ಬಾಯಿ ತೆರೆದ. ಎಲ್ಲರೂ ಉಸಿರು ಬಿಗಿಹಿಡಿದೆವು. ಫುರ್! ಪಾಯಸವೆಲ್ಲ ಹಸಿರು ರೇಷ್ಮೆಯ ಮೇಲೆ.

ಇನ್ನೊಂದು ಚಮಚ. ಫುರ್!

ದೊಡ್ಡಬಸಮ್ಮ ಸೆರಗು ಒರೆಸಿಕೊಂಡರು. "ಆಯ್ತಲ್ಲ. ಕುಸುಮ, ಕೆಲ್ಸ ಬುಡ್ತೀನಿ ಅಂತ ಇಸ್ಕೂಲ್ನೋರಿಗೆ ಯೋಳ್ಬುಡವ್ವ. ಮಗೀಗಿಂತ ದೊಡ್ದಾ ಕೆಲ್ಸ?"

ಕುಸುಮ ಚೆಲ್ಲಿದ ಪಾಯಸ ಒರೆಸಲು ಬಗ್ಗಿದಳು. ಅವಳ ಮುಖ ನೋಡಲಾಗದೆ ನಾನು ಗೋಡೆಯ ಕಡೆ ತಿರುಗಿದೆ. ಆಗ ನೋಡಿದರೆ ಭಾವ ಅಲ್ಲಿ ಇರಲೇ ಇಲ್ಲ.

"ಎಲ್ರೀ ಬೀಗ್ರು? ಬಸವನ ದರ್ಸನಾನಾದ್ರೂ ಮಾಡ್ಸಿ, ಒಂಟೋಯ್ತೀವಿ," ಎಂದು ದೊಡ್ಡಬಸಮ್ಮ ಗುಂಡನನ್ನು ಕಂಕುಳಿಗೆ ಏರಿಸಿಕೊಂಡು ಹಿತ್ತಿಲಿಗೆ ನಡೆದರು. ಹಿಂದೆ ನೆಂಟರು, ಬೇಲಿ ಹಾರಿ ಚಿಕ್ಕನಿಂಗಮ್ಮ, ಊರವರು. ಶಿವಕುಮಾರಸ್ವಾಮಿ ಕೂಡ ಬಂದಿದ್ದರು, ಟ್ರಾನ್ಸ್‌ಫರ್ ಇನ್ನೂ ಆಗಿರಲಿಲ್ಲ.

ದೊರೆ ಪರದೆಯ ಈಚೆ ಆರಾಮಾಗಿ ನಾಲ್ಕು ಕಾಲಲ್ಲೂ ನಿಂತು, ಹಿತ್ತಾಳೆ ತಟ್ಟೆಯಲ್ಲಿ ಬಾಳೆಹಣ್ಣು ಬೆಲ್ಲ ಕಲಸಿದ ರಸಾಯನ ನೆಕ್ಕುತ್ತಿದ್ದ. ಪರದೆಯ ಆಚೆಯಿಂದ ಭಾವನ ದನಿ ಕೇಳುತ್ತಿತ್ತು. "ನೋಡೋ ಇಲ್ಲಿ ದೊರೆ, ಇಂಗೆ... ಮಂಡಿ ಮಡಿಸ್ಬೇಕು... ತಲೆ ಇಂಗೆ ತಗ್ಸ್ಬೇಕು..."

"ಬೀಗತಿಗೂ ಪರದೇನಾ?" ಎಂದು ದೊಡ್ಡಬಸಮ್ಮ ಸೀರೆಯನ್ನು ಜಗ್ಗಿದರು.

ಭಾವ ಮಂಡಿ ಊರಿದ್ದರು. ಕೈ ಎರಡೂ ನೆಲದ ಮೇಲೆ, ತಲೆ ಕೆಂದಿಯ ಹೊಟ್ಟೆಯ ಕೆಳಗೆ, ಮೀಸೆಯ ತುಂಬ ಬೆಲ್ಲದ ಪಾಕ, ಪಾಕದ ತುಂಬ ಇರುವೆ. ಕತ್ತು ಹೊರಳಿಸಿ ನಮ್ಮನ್ನೆಲ್ಲ ನೋಡಿದರು. ಅವರ ಬಾಯಿಗೆ ಆವತ್ತು ಯಾವ ಸುಳ್ಳೂ ಬರಲಿಲ್ಲ. ಜೀವನದಲ್ಲಿ ಮೊದಲ ಸಲ.

ಅಕ್ಕ ಕಣ್ಣು ಮುಚ್ಚಿಕೊಂಡಳು.

"ಅಯ್ಯೋ ಸಿವನೇ!" ಚಿಕ್ಕನಿಂಗಮ್ಮ ಕಿರುಚಿದಳು. "ಯಜಮಾನ್ರಿಗೂ ಬಂದ್ಬುಡ್ತು! ಬಸವ ತನ್ನ ಭಕ್ತೀನ ಯಜಮಾನ್ರಿಗೆ ಕೊಟ್ಬುಡ್ತು! ಬೆಟ್ಟದ ಕಡೆ ನೋಡ್ರಪ್ಪಾ, ಊರ್ರಪ್ಪಾ ಮಂಡಿಯಾ! ಉಘೇ ಉಘೇ ಮಾದಪ್ಪಾ!"

ಧಪ್ ಧಪ್ ಎಂದು ಎಲ್ಲರೂ ಊರಿದರು. ಶಿವಕುಮಾರಸ್ವಾಮಿ ಎಲ್ಲರಿಗಿಂತ ಮೊದಲು. ಮಂಡಿನೋವಿನ ದೊಡ್ಡಬಸಮ್ಮ ಗುಂಡನನ್ನು ಪಕ್ಕದಲ್ಲಿ ನೆಲಕ್ಕೆ ಬಿಟ್ಟು, "ಅಯ್ಯಯ್ಯಪ್ಪಾ" ಎನ್ನುತ್ತಾ ಕೂತರು. ಸಗಣಿ ನೆಲದ ಮೇಲೆ ಇಡೀ ಊರು ಕಣ್ಣು ಮುಚ್ಚಿ ಕೈ ಮುಗಿದಿತ್ತು. ನಾನೂ ಊರಿದೆ. ನಿಂತಿದ್ದರೆ ನಗು ತಡೆಯಲು ಆಗುತ್ತಿರಲಿಲ್ಲ.

ಅಲ್ಲಿ ಮೊದಲಿಂದಲೂ ಮಂಡಿಯ ಮೇಲೇ ಓಡಾಡುತ್ತಿದ್ದವನು ಒಬ್ಬನೇ, ಗುಂಡ. ಅವನು ಅಂಬೆಗಾಲಿಕ್ಕುತ್ತಾ ಹಿತ್ತಾಳೆ ತಟ್ಟೆಯ ಹತ್ತಿರ ಹೋದ. ದೊರೆ ತಿನ್ನುವುದನ್ನು ಬಾಯಿ ಕಳೆದು ನೋಡಿದ. ಕೈ ತಟ್ಟೆಗೆ ಹಾಕಿ, ಒಂದು ಹಿಡಿ ರಸಾಯನ ತೆಗೆದು ಬಾಯಿಗೆ ಇಟ್ಟುಕೊಂಡ. ಫುರ್ ಬರಲಿಲ್ಲ. ನುಂಗಿದ. ಇನ್ನೊಂದು ಹಿಡಿ. ದೊರೆ ತಟ್ಟೆಯ ಆ ಕಡೆ, ಇವನು ಈ ಕಡೆ.

"ತಿಂದ!" ಕುಸುಮ ಕೂಗಿಕೊಂಡಳು. "ಅಮ್ಮಾ, ತಿಂತಾವ್ನೆ! ನುಂಗ್ತಾವ್ನೆ! ಅಪ್ಪಾ, ನೋಡಪ್ಪಾ!" ನಗುವೂ ಅಳುವೂ ಒಟ್ಟಿಗೇ ಬಂದುಬಿಟ್ಟಿತ್ತು ಆ ಹುಡುಗಿಗೆ.

ದೊಡ್ಡಬಸಮ್ಮ ಕಣ್ಣು ಬಿಟ್ಟವರು ಚೀರಿದರು. "ಥೂ, ದನದ ಎಂಜಲು!" ಆಮೇಲೆ ತಮ್ಮ ಸುತ್ತ ಮಂಡಿ ಊರಿದ ಊರನ್ನು ನೋಡಿದರು, ತಮ್ಮದೇ ಮಂಡಿಯನ್ನೂ ನೋಡಿಕೊಂಡರು. ನಾಲಿಗೆ ಕಚ್ಚಿಕೊಂಡರು. "ಎಂಜಲೆಲ್ಲಿ ಬಂತು? ಪರ್ಸಾದ! ನನ್ ಮೊಮ್ಮಗ ಮೊದಲ ತುತ್ತು ಪರ್ಸಾದಾನೇ ತಿಂದ! ಕುಸುಮ, ನೀ ಕೆಲ್ಸಕ್ಕೋಗವ್ವ, ಕೂಸ್ನ ನಾ ನೋಡ್ಕತೀನಿ. ಆದ್ರೆ ಬೀಗ್ರೇ, ಈ ಬಸವನೂ ಹನೂರಿಗೆ ಬರ್ಬೇಕು. ಇವನ ಜೊತ್ಗಾದ್ರೆ ಕೂಸು ತಿಂತದೆ."

ಭಾವ ಎದ್ದು ನಿಂತಿದ್ದರು. ಮೀಸೆಯ ಇರುವೆಗಳನ್ನು ಕೊಡವುವುದನ್ನೂ ಮರೆತು ದೊರೆಯನ್ನು ನೋಡಿದರು. "ಇದು ಬಸವನೂ ಅಲ್ಲ ಏನೂ ಅಲ್ಲ, ನನ್ನ ಕರು" ಎಂದು ಒಂದು ಮಾತು ನಿಜ ಹೇಳಿದ್ದರೆ ದೊರೆ ಅವರಿಗೇ ಉಳಿಯುತ್ತಿದ್ದ. ಆದರೆ ಪ್ರಸಾದ ಮತ್ತೆ ಎಂಜಲಾಗುತ್ತಿತ್ತು. ಭಾವ ಮಗಳ ಮುಖ ನೋಡಿದರು.

"ಕರ್ಕಂಡೋಗಿ ಬೀಗತಿಯೋರೆ," ಎಂದರು. "ಮಾದಪ್ಪನ ಇಚ್ಛೆ."

ಅವರು ಹೇಳಿದ ಸುಳ್ಳುಗಳಲ್ಲಿ ಅದೊಂದಕ್ಕೆ ನಾನು ಕೈ ಮುಗಿಯುತ್ತೇನೆ.

ಸಂಜೆ ಕುಸುಮನನ್ನೂ ಗುಂಡನನ್ನೂ ಹತ್ತಿಸಿಕೊಂಡು ಟೆಂಪೋ ಹೊರಟಿತು. ದೊರೆ ಒಂದು ಬಾಳೆಹಣ್ಣಿನ ಆಸೆಗೆ ತಾನೇ ಹತ್ತಿ ನಿಂತ. ಹಿಂದೆ ತಿರುಗಿ ನೋಡಲಿಲ್ಲ. ಕೆಂದಿ ಮೆಲುಕು ಹಾಕುತ್ತಾ ಮಲಗಿತ್ತು, ಅದಕ್ಕೂ ಏನೂ ಅನ್ನಿಸಿದಂತೆ ಕಾಣಲಿಲ್ಲ. ಭಾವ ಮಾತ್ರ ಟೆಂಪೋ ತಿರುವು ದಾಟುವ ತನಕ ರಸ್ತೆಯಲ್ಲಿ ನಿಂತಿದ್ದು, ಒಳಗೆ ಬಂದು ಊಟ ಬೇಡ ಎಂದು ಮಲಗಿದರು.

ಮಾರನೆಯ ಬೆಳಗಿನ ಜಾವ ನಾನು ಮಿಲ್ಲಿನ ಬಾಗಿಲು ತೆಗೆಯುವಾಗ ಮೋಟುಗೋಡೆಯ ಮೇಲಿಂದ ನೋಡಿದೆ. ದೊರೆಯ ಗೂಟದ ಹತ್ತಿರ ಭಾವ ನೆಲಕ್ಕೆ ಮಂಡಿ ಊರಿ ಕೂತಿದ್ದರು. ಕೈಯಲ್ಲಿ ಅಟ್ಟದಿಂದ ಇಳಿಸಿದ ಹಳೆಯ ಮುಳ್ಳಿನ ಕುಕ್ಕೆ. ಹೆಗಲು ಅಲುಗುತ್ತಿತ್ತು. ಆ ಕಡೆ ಬೇಲಿಯ ಮೇಲೆ ಚಿಕ್ಕನಿಂಗಮ್ಮನ ತಲೆ ಮೂಡಿತು.

"ಅದ್ಯಾಕ್ ಗುರುಪಾದಪ್ಪ, ಇಷ್ಟೊತ್ಗೇ ಇಂಗೆ ಮಂಡಿ ಊರ್ಕಂಡಿದ್ದೀಯೆ? ಅಳ್ತಾ ಇದ್ದೀಯಾ?"

ಭಾವ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು.

"ಇಲ್ಲ ಕಣವ್ವ," ಎಂದರು. "ಮಾದಪ್ಪನ ಬೆಟ್ಟಕ್ಕೆ ನಮಸ್ಕಾರ ಮಾಡ್ತಾ ಇದ್ದೆ."

ಅಕ್ಕ ಹಿತ್ತಿಲ ಬಾಗಿಲಲ್ಲಿ ಬಂದು ನಿಂತಿದ್ದಳು. ಕೈಯಲ್ಲಿ ದೊಡ್ಡ ಲೋಟದ ತುಂಬ ಬಿಸಿಹಾಲು. "ಕರ ಬುಡ್ತು, ಕೂಸು ಬುಡ್ತು. ಈ ಮನೇಲಿ ಇನ್ನು ಆಲು ಬುಡದೇ ಇರೋರು ನೀವೊಬ್ರೇ," ಎಂದು ಬೈಯುತ್ತಲೇ ಅವರ ಪಕ್ಕದಲ್ಲಿ ಕೂತು, ಲೋಟವನ್ನು ಕೈಗೆ ಕೊಟ್ಟಳು. ಭಾವ ಗಟಗಟ ಕುಡಿದರು. ಕರೆಂಟು ಬಂತು, ನಾನು ಮಿಲ್ಲಿನ ಸ್ವಿಚ್ಚು ಹಾಕಲು ಹೋದೆ.